ಉಪಾಸ ಅದೀರೇನ್ರಿ?

ಆಗ ನಾನು ಅರಿವಳಿಕೆಯಲ್ಲಿ ಎಂಡಿ ಓದುತ್ತಿದ್ದೆ, ಎರಡನೇ ವರ್ಷ. ಪಿತ್ತಕೋಶದ ಕಲ್ಲು ತೆಗೆಯುವ ಕೇಸು. ಓಟಿ ಟೇಬಲ್ ಮೇಲೆ ಮಲಗಿದ್ದ ಅಜ್ಜನನ್ನು ಕೇಳಿದೆ: "ಅಜ್ಜಾರ, ಉಪಾಸ ಅದೀರೇನ್ರಿ?"

"ಹೌದ್ರಿ ಬಾಯಾರ. ಇವತ್ತು ಏಕಾದಶಿ."

ಏಕಾದಶಿ ಅಂದಾಗಲೇ ನನಗೆ ಹೊಳೆಯಬೇಕಿತ್ತು. ಮತ್ತಿನ ಔಷಧ ಕೊಟ್ಟು ಉಸಿರಾಟದ ಟ್ಯೂಬ್ ಹಾಕಲು ಬಾಯಿ ತೆರೆದರೆ ಗಂಟಲ ತುಂಬ ಸಾಬುದಾಣಿ. ಟೇಬಲ್ಲಿನ ತಲೆಭಾಗ ಇಳಿಸಿ ಸಕ್ಷನ್ ಹಾಕಿದೆ. ಸೀನಿಯರ್ ಓಡಿ ಬಂದು ಟ್ಯೂಬ್ ದಾಟಿಸಿದರು. ಆಪರೇಷನ್ ಮುಂದೂಡಿದೆವು. ಅಜ್ಜ ಎರಡು ದಿನ ಐಸಿಯುನಲ್ಲಿದ್ದು ಚೇತರಿಸಿಕೊಂಡರು.

ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಉಪಾಸ ಅಂದರೆ ಅನ್ನ, ರೊಟ್ಟಿ ಬಿಡೋದು. ಸಾಬುದಾಣಿ, ಶೇಂಗಾ, ಹಾಲು ನಡೀತದೆ. ನಾನೂ ಇದೇ ಊರವಳು, ನನಗೆ ಗೊತ್ತಿಲ್ಲದ್ದೇನಲ್ಲ. ನಾನು ಕೇಳಿದ ರೀತಿಯೇ ತಪ್ಪಾಗಿತ್ತು.

ಮತ್ತಿನ ಔಷಧ ಏರಿದವರಿಗೆ ಕೆಮ್ಮಲು ಆಗೋದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ನೀರಿಗೆ 2 ಗಂಟೆ, ಹಾಲಿಗೆ ಮತ್ತು ಹಗುರ ಊಟಕ್ಕೆ 6 ಗಂಟೆ, ಕರಿದದ್ದು ಅಥವಾ ಮಾಂಸ ತಿಂದಿದ್ದರೆ 8 ಗಂಟೆ ಬಿಡುವು ಬೇಕು. ಹಾಲು ಹಾಕಿದ ಚಾ ಕೂಡ ಹಾಲಿನ ಲೆಕ್ಕವೇ. ಈಗ ನಾನು ಹೀಗೆ ಕೇಳುತ್ತೇನೆ: "ಕಡೇ ಸಲ ಬಾಯಾಗ ಏನ್ ಹಾಕ್ಕೊಂಡ್ರಿ, ಎಷ್ಟ ಗಂಟೆಕ್ಕ? ಚಾ?" ಚಾ ಅಂತ ಬೇರೆಯಾಗಿ ಕೇಳಲೇಬೇಕು. ಮನೆಯವರನ್ನೂ ಕೇಳುತ್ತೇನೆ.

ಈಗ ಹುಬ್ಬಳ್ಳಿಯ ನಾಲ್ಕು ನರ್ಸಿಂಗ್ ಹೋಮ್‌ಗಳಿಗೆ ಹೋಗುತ್ತೇನೆ. ಬೆನ್ನಿಗೆ ಚುಚ್ಚುವ ಸ್ಪೈನಲ್ ಸೂಜಿ, ಟ್ಯೂಬ್, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಇರುವ ಬ್ಯಾಗ್ ಸದಾ ಕಾರಿನಲ್ಲೇ ಇರುತ್ತದೆ. ಗುಟ್ಕಾ ಅಗಿಯುವವರು ಜಾಸ್ತಿ. ಅಂಥವರ ಬಾಯಿ ಬಿಗಿದುಕೊಂಡಿರಬಹುದು, ಮೂರು ಬೆರಳಷ್ಟು ತೆರೆಯುತ್ತದಾ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳುತ್ತೇನೆ.

ಗದಗ, ಹಾವೇರಿ ಕಡೆಯ ರೈತರಿಗೆ ಇನ್ನೊಂದು ಪ್ರಶ್ನೆ ಇದೆ. "ಕೀಟನಾಶಕ" ಅಂದರೆ ಸುಮ್ನೆ ಮುಖ ನೋಡುತ್ತಾರೆ. "ಹೊಲಕ್ಕ ಎಣ್ಣಿ ಹೊಡದೀರೇನ್ರಿ?" ಅಂದರೆ ತಕ್ಷಣ ಉತ್ತರ ಬರುತ್ತದೆ. ಟ್ಯೂಬ್ ಹಾಕುವಾಗ ಸ್ನಾಯು ಸಡಿಲಿಸಲು ಕೊಡುವ ಔಷಧ ಸಕ್ಸಿನೈಲ್‌ಕೋಲಿನ್ ಸಾಮಾನ್ಯವಾಗಿ 5-10 ನಿಮಿಷಕ್ಕೆ ಇಳಿಯುತ್ತದೆ. ಅದನ್ನು ಒಡೆಯುವ ಅಂಶ ನಮ್ಮ ರಕ್ತದಲ್ಲೇ ಇದೆ. ಕೆಲವು ಎಣ್ಣಿ ಮೈಗೆ ಸೇರಿದರೆ ಆ ಅಂಶದ ಕೈ ಕಟ್ಟಿಹಾಕುತ್ತವೆ. ಆಗ ಸ್ನಾಯುಗಳಿಗೆ ಬಲ ಬರಲು ಗಂಟೆಗಟ್ಟಲೆ ಹಿಡಿಯಬಹುದು, ಅಲ್ಲೀತನಕ ವೆಂಟಿಲೇಟರೇ ಗತಿ.

ರಾತ್ರಿ ಫೋನ್ ಬರೋದು ಹೆಚ್ಚಾಗಿ ಸಿಸೇರಿಯನ್‌ಗೆ. ಮೊನ್ನೆ ಎರಡು ಗಂಟೆಗೆ ಬಂತು. ಚೊಚ್ಚಲ ಬಸುರಿ, ಚಿಕ್ಕ ಹುಡುಗಿ, ನಡುಗುತ್ತಿದ್ದಳು. "ಗದ್ದ ಎದಿಗೆ ಹಚ್ಚವ್ವಾ, ಬೆನ್ನ ಬಾಗಸು" ಅಂದೆ. ಸೂಜಿಯ ತುದಿಯಲ್ಲಿ ನೀರಿನಂಥ ತಿಳಿ ಹನಿ ಕಂಡಿತು. ಔಷಧ ಕೊಟ್ಟು, ಮಲಗಿಸಿ, ಬಲ ಸೊಂಟದ ಕೆಳಗೆ ಮಡಚಿದ ಬಟ್ಟೆ ಇಟ್ಟೆ. ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳಬಾರದು, ಅಲ್ವಾ?

"ಕಾಲ ಬೆಚ್ಚಗಾತೇನವ್ವಾ?"

"ಆತ್ರಿ... ಹೊಟ್ಟಿ ತೊಳಸಾಕತ್ತೈತ್ರಿ."

ಬಿಪಿ ಇಳಿಯುವಾಗ ಮೊದಲು ಬರುವ ಮಾತು ಇದೇ. ಮಾನಿಟರ್ ಇನ್ನೂ ತೋಳಿನ ಬಿಪಿ ಪಟ್ಟಿಗೆ ಗಾಳಿ ತುಂಬುತ್ತಿತ್ತು. ನಾನು ಕಾಯಲಿಲ್ಲ. ಬಿಪಿ ಏರಿಸುವ ಔಷಧವನ್ನು ಮೊದಲೇ ಸಿರಿಂಜಿನಲ್ಲಿ ಎಳೆದಿಟ್ಟಿದ್ದೆ, ಅದನ್ನು ಕೊಟ್ಟು ಅವಳ ಹಣೆ ಮೇಲೆ ಕೈ ಇಟ್ಟು ನಿಂತೆ.

"ಈಗ ಹೆಂಗೈತಿ?"

"ಈಗ ಚಲೋ ಅನಸ್ತೈತ್ರಿ."

ಸರ್ಜನ್ ಕಡೆ ನೋಡಿ ಶುರು ಮಾಡಿ ಅಂದೆ.