ಕ್ಯಾರೊಲೈನ್ ಮಾದರಿ: ಮರ ಕೊಯ್ಯುವ ಮುಂಚೆ ವರ್ಷ ಗೊತ್ತುಮಾಡಿಕೊಳ್ಳಿ

ಎಚ್‌ಎಂಎಸ್ ಕ್ಯಾರೊಲೈನ್ ಹಡಗಿನ ಮಾದರಿ ಮಾಡುತ್ತೇನೆ ಎಂದು ಯಾರಾದರೂ ಬಂದರೆ, ನಾನು ಮೊದಲು ಕೇಳುವುದು ಒಂದೇ ಮಾತು: ಯಾವ ವರ್ಷದ ಕ್ಯಾರೊಲೈನ್?

ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಕ್ಯಾಮೆಲ್ ಲೇರ್ಡ್ ಕಂಪನಿ 1914ರ ಜನವರಿಯಲ್ಲಿ ಈ ಲಘು ಕ್ರೂಸರ್‌ನ, ಅಂದರೆ ವೇಗವಾಗಿ ಓಡುವ ಹಗುರ ಯುದ್ಧನೌಕೆಯ, ಕೆಲಸ ಶುರು ಮಾಡಿತು. ಅದೇ ಡಿಸೆಂಬರ್‌ಗೆ ಹಡಗು ಬ್ರಿಟಿಷ್ ನೌಕಾಪಡೆ ಸೇರಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ನಡೆದ 1916ರ ಜಟ್‌ಲಂಡ್ ಸಮರದಲ್ಲಿ ಕಾದಿದ ಹಡಗುಗಳಲ್ಲಿ ಇಂದಿಗೂ ತೇಲುತ್ತಿರುವುದು ಇದೊಂದೇ. ಬೆಲ್‌ಫಾಸ್ಟ್‌ನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಹಾಗಾಗಿ ಇಂದಿನ ಬಣ್ಣದ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಎಡವುವುದೂ ಅಲ್ಲಿಯೇ. 1924ರಲ್ಲಿ ಬೆಲ್‌ಫಾಸ್ಟ್‌ಗೆ ಬಂದು ತರಬೇತಿ ಹಡಗಾದಾಗ ಫಿರಂಗಿಗಳನ್ನು ಕಳಚಿ, ಡೆಕ್ಕಿನ ಮೇಲೆ ದೊಡ್ಡ ಕೊಠಡಿ ಕಟ್ಟಿದರು. ನನ್ನ ಮೊದಲ ಮಾದರಿಗೆ ಆ ಕೊಠಡಿಯನ್ನೂ ಇಟ್ಟು, ಯುದ್ಧಕಾಲದ ಫಿರಂಗಿಗಳನ್ನೂ ಕೂರಿಸಿದ್ದೆ. ಅಂಥ ಹಡಗು ಯಾವ ಕಾಲದಲ್ಲೂ ಇರಲಿಲ್ಲ. ಎರಡು ತಿಂಗಳ ಕೆಲಸವನ್ನು ಉಳಿ ಹಿಡಿದು ಕಿತ್ತೆ.

ನೀವು 1916ರ ರೂಪವನ್ನೇ ಹಿಡಿಯಿರಿ. ಮೂರು ಹೊಗೆಕೊಳವೆಗಳಿರುವ ಚಿತ್ರಗಳನ್ನು ಮಾತ್ರ ಇಟ್ಟುಕೊಳ್ಳಿ. ಎರಡೇ ಕಂಡರೆ ಅದು ಕ್ಯಾರೊಲೈನ್ ಸೇರಿದ ಸಿ ವರ್ಗದಲ್ಲಿ ನಂತರ ಕಟ್ಟಿದ ತಂಗಿ ಹಡಗುಗಳಲ್ಲಿ ಒಂದು, ಪಕ್ಕಕ್ಕಿಡಿ.

ಅಳತೆಗೆ ನನಗೆ ಹಿಡಿಸಿದ್ದು 200ಕ್ಕೆ 1. ನಿಜವಾದ ಹಡಗು 446 ಅಡಿ ಉದ್ದ, ಸುಮಾರು 136 ಮೀಟರ್. ಮಾದರಿ 68 ಸೆಂಟಿಮೀಟರ್ ಆಗುತ್ತದೆ. ಅಗಲ ಬರೀ 6.3 ಸೆಂಟಿಮೀಟರ್. ಇಷ್ಟು ಸಪೂರವೇ ಎಂದು ಅನುಮಾನ ಬಂದೇ ಬರುತ್ತದೆ, ಆದರೂ ಅಗಲ ಹೆಚ್ಚಿಸಬೇಡಿ. 28 ನಾಟ್ (ಗಂಟೆಗೆ ಸುಮಾರು 52 ಕಿಲೋಮೀಟರ್) ದಾಟಿ ಓಡುತ್ತಿದ್ದ ಹಡಗು ಅದು, ಮೈಕಟ್ಟೇ ಹಾಗೆ. ಒಡಲಿಗೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಸಿಕ್ಕರೆ ಬೇರೆ ಹುಡುಕುವುದು ಬೇಡ. ಎಳೆ ನಯ, ಚೂಪು ಮೂತಿ ಸೀಳುವುದಿಲ್ಲ. ನೀರಿನ ಮಟ್ಟಕ್ಕೆ ಕತ್ತರಿಸಿದ ಮಾದರಿ ಸಾಕು. ತೆಳು ಹಲಗೆಗಳನ್ನು ಒಂದರ ಮೇಲೊಂದು ಫೆವಿಕಾಲ್ ಹಚ್ಚಿ ಅಂಟಿಸಿ, ಒಂದು ರಾತ್ರಿ ಭಾರ ಹೇರಿಟ್ಟು, ಆಮೇಲೆ ಉಪ್ಪುಕಾಗದ ಹಿಡಿಯಿರಿ.

ಫಿರಂಗಿಗಳ ಬಳಿ ನಿಧಾನಿಸಿ. ಮೂತಿಯ ಕಡೆ ನಾಲ್ಕು ಇಂಚಿನವು ಎರಡು, ಅಕ್ಕಪಕ್ಕ. ಆರು ಇಂಚಿನ ದೊಡ್ಡವು ಎರಡೂ ಹಿಂಭಾಗದಲ್ಲಿ, ಒಂದರ ತಲೆಯ ಮೇಲಿಂದ ಇನ್ನೊಂದು ಹಾರಿಸುವಂತೆ. ತಿರುಗುಮುರುಗಾಗಿದೆ ಎಂದುಕೊಳ್ಳಬೇಡಿ. ಶತ್ರುವಿನ ಡೆಸ್ಟ್ರಾಯರ್‌ಗಳನ್ನು (ಚಿಕ್ಕ, ಚುರುಕು ಯುದ್ಧನೌಕೆಗಳು) ಅಟ್ಟಿಸಿಕೊಂಡು ಹೋಗುವಾಗ ಬೇಗಬೇಗ ಹಾರುವ ಚಿಕ್ಕವು ಮುಂದೆ ಬೇಕು. ತನಗಿಂತ ದೊಡ್ಡ ಹಡಗಿನಿಂದ ತಪ್ಪಿಸಿಕೊಂಡು ಓಡುವಾಗ ದೊಡ್ಡವು ಹಿಂದೆ ಬೇಕು. ಆ ಕಾಲದ ಯೋಚನೆ ಅದು. ಯುದ್ಧ ಸಾಗಿದಂತೆ ನಾಲ್ಕು ಇಂಚಿನವುಗಳ ಜಾಗಕ್ಕೆ ಆರು ಇಂಚಿನವು ಬಂದವು, ಆದ್ದರಿಂದ 1918ರ ಫೋಟೋ ನೋಡಿ ಕೆತ್ತಬೇಡಿ. ಆರು ಇಂಚಿನ ನಳಿಕೆಯ ಉದ್ದ ಬಾಯಿ ಅಗಲದ 45 ಪಟ್ಟು, ಅಂದರೆ 270 ಇಂಚು. ನಮ್ಮ ಅಳತೆಗೆ 34 ಮಿಲಿಮೀಟರ್. ಹೊಲಿಗೆ ಸೂಜಿಯ ಚೂಪು ತುದಿ ಮುರಿದು ಹಾಕಿದರೆ ಸರಿಹೋಗುತ್ತದೆ. ಫಿರಂಗಿಯ ರಕ್ಷಾಕವಚದೊಳಗೆ ಹೋಗುವ ಭಾಗವನ್ನು ಲೆಕ್ಕದಿಂದ ಕಳೆಯಲು ಮರೆಯಬೇಡಿ.

ನೀರಿನಡಿ ಸಾಗಿ ಹಡಗಿಗೆ ಬಡಿಯುವ ಟಾರ್ಪೆಡೊಗಳನ್ನು ಬಿಡುವ ಕೊಳವೆಗಳು ಮಗ್ಗುಲಿಗೆ ಎರಡರಂತೆ ನಾಲ್ಕು. ಅವನ್ನು ನಾನು ಎಲ್ಲಕ್ಕಿಂತ ಜೋಪಾನವಾಗಿ ಮಾಡುತ್ತೇನೆ. ಜಟ್‌ಲಂಡ್‌ನ ಆ ಸಂಜೆ ಕ್ಯಾರೊಲೈನ್‌ನ ಕ್ಯಾಪ್ಟನ್ ಕ್ರೂಕ್ ಜರ್ಮನ್ ಹಡಗುಗಳ ಮೇಲೆ ಟಾರ್ಪೆಡೊ ಬಿಟ್ಟದ್ದು ಇವುಗಳಿಂದಲೇ. 21 ಇಂಚಿನ ಟಾರ್ಪೆಡೊ ನಮ್ಮ ಅಳತೆಗೆ 2.7 ಮಿಲಿಮೀಟರ್, ಖಾಲಿಯಾದ ಬಾಲ್‌ಪೆನ್ ರೀಫಿಲ್ ಸುಮಾರು ಅಷ್ಟೇ ದಪ್ಪ. ಶಾಯಿಯ ಜಿಡ್ಡನ್ನು ಸ್ಪಿರಿಟ್‌ನಲ್ಲಿ ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಹೊಳಪಿಲ್ಲದ ಬೂದು ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ. ಪಟಸ್ತಂಭದ ದಾರಗಳನ್ನು ಕಟ್ಟುವುದು ಕಟ್ಟಕಡೆಗೆ, ಹೊಗೆಕೊಳವೆಗಳು ಒಣಗಿ ಗಟ್ಟಿಯಾಗಿ ನಿಂತ ಮೇಲೆ.