ಹಳೇ ಬ್ಲಾಕ್‌ಗಳಿಂದ ಮೈಆರ್-21: ನನ್ನ ಅನುಭವ

ಹತ್ತು ವರ್ಷ ಹಳೆಯ ಪ್ಯಾರಾಫಿನ್ ಬ್ಲಾಕ್‌ನಲ್ಲಿ (ಫಾರ್ಮಾಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡು) ಆರ್‌ಎನ್‌ಎ ಎಲ್ಲಿ ಉಳಿದಿರುತ್ತೆ, ಸುಮ್ನೆ ದುಡ್ಡು ದಂಡ ಅಂತ ಲ್ಯಾಬ್‌ನಲ್ಲಿ ಎಲ್ಲರೂ ಹೇಳಿದ್ದರು. ಪ್ರೋಟೀನ್‌ನ ಸಂದೇಶ ಹೊರುವ ಉದ್ದದ ಎಂಆರ್‌ಎನ್‌ಎ ಚೂರಾಗಿರುತ್ತದೆ, ಒಪ್ಪಿದೆ. ಆದರೆ ನಾನು ಅಳೆಯಲು ಹೊರಟ ಮೈಆರ್-21 ಒಂದು ಮೈಕ್ರೋಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಯನ್ನು ತಡೆಯುವ ಪುಟ್ಟ ಆರ್‌ಎನ್‌ಎ. ಅದು ಇರುವುದೇ 22 ಬೇಸ್. ಅದರಲ್ಲಿ ಮುರಿಯೋಕೆ ಏನಿದೆ? ಈಗ ಜಠರ ಕ್ಯಾನ್ಸರ್ ಬ್ಲಾಕ್‌ಗಳಿಂದ ಸಿಟಿ (ಪಿಸಿಆರ್‌ನಲ್ಲಿ ಸಿಗ್ನಲ್ ಕಾಣಿಸುವ ಸುತ್ತಿನ ಸಂಖ್ಯೆ) 23-24ರ ಆಸುಪಾಸಿನಲ್ಲಿ ಸಲೀಸಾಗಿ ಬರುತ್ತಿದೆ.

ಮೊದಲು ಕೈಕೊಟ್ಟಿದ್ದು ಆರ್‌ಎನ್‌ಎ ಹಿಡಿದಿಡುವ ಕಾಲಮ್. ಕಿಟ್‌ನಲ್ಲಿ ಬರೆದಷ್ಟೇ ಎಥನಾಲ್ ಹಾಕಿದರೆ ಚಿಕ್ಕ ಆರ್‌ಎನ್‌ಎ ಹಿಡಿಯದೆ ಸೋರಿಹೋಗುತ್ತಿತ್ತು. ಹತ್ತಿರ ಹತ್ತಿರ 40 ಸಾವಿರದ ಕಿಟ್ ಹಾಗೇ ಖಾಲಿಯಾಯಿತು. ಎಥನಾಲ್ ಜಾಸ್ತಿ ಮಾಡಿದೆ. ಪ್ರೋಟೀನ್ ಕತ್ತರಿಸುವ ಕಿಣ್ವ ಪ್ರೋಟೀನೇಸ್ ಕೆ ಹಾಕಿ ರಾತ್ರಿಯಿಡೀ ಬಿಟ್ಟೆ. ಆಮೇಲೆ 80 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟರೆ ಫಾರ್ಮಾಲಿನ್ ಬಿಗಿದದ್ದು ಸಡಿಲವಾಗುತ್ತದೆ. ಬಫರ್‌ನಲ್ಲಿ ಇನ್ನೊಂದು ಬದಲಾವಣೆ ಇದೆ. ಪೇಪರ್ ಬರುವವರೆಗೆ ಅದು ನನ್ನ ಹತ್ತಿರವೇ ಇರಲಿ.

ಪಿಸಿಆರ್‌ಗೆ ರೆಡಿಮೇಡ್ ಪ್ರೋಬ್ ಕೊಳ್ಳಲು ಹೋಗಲಿಲ್ಲ. ಪುಟ್ಟ ಮೈಆರ್‌ಗೆ ಅಂಟಿ ಅದನ್ನು ಉದ್ದ ಮಾಡುವ ಸ್ಟೆಮ್-ಲೂಪ್ ಪ್ರೈಮರ್ ನಾನೇ ಡಿಸೈನ್ ಮಾಡಿ ತರಿಸಿದೆ. ಒಂದು ಮೈಆರ್‌ಗೆ ಸಾವಿರದೈನೂರರ ಒಳಗೇ ಮುಗಿಯಿತು, ಪಿಸಿಆರ್‌ನಲ್ಲಿ ಹೊಳೆಯುವ ಬಣ್ಣ ಎಸ್‌ವೈಬಿಆರ್ ಹೇಗೂ ಇತ್ತು.

ತಲೆ ಕೆಡಿಸಿದ್ದು ಯು6, ಅಂದರೆ ಮೈಆರ್ ಪ್ರಮಾಣವನ್ನು ಹೋಲಿಸಿ ನೋಡಲು (ನಾರ್ಮಲೈಸ್ ಮಾಡಲು) ಬಳಸುವ ಇನ್ನೊಂದು ಆರ್‌ಎನ್‌ಎ. ಅದು ನೂರು ಬೇಸ್‌ಗಿಂತ ಉದ್ದ, ಹಳೇ ಬ್ಲಾಕ್‌ನಲ್ಲಿ ಮೈಆರ್‌ಗಿಂತ ಬೇಗ ಹಾಳಾಗುತ್ತದೆ. ಅದನ್ನು ನಂಬಿ ನಾರ್ಮಲೈಸ್ ಮಾಡಿದರೆ ಬ್ಲಾಕ್ ಹಳೆಯದಾದಷ್ಟೂ ಮೈಆರ್ ಏರಿದಂತೆ ಕಾಣುತ್ತದೆ! ಅದರ ಬದಲು ಮೈಆರ್-16 ಜೊತೆ ಇನ್ನೆರಡು ಮೈಆರ್ ಸೇರಿಸಿ ಸರಾಸರಿ ಹಿಡಿದೆ. ಆ ಎರಡು ನಿಮ್ಮ ಸ್ಯಾಂಪಲ್‌ನಲ್ಲಿ ನೀವೇ ಹುಡುಕಿಕೊಳ್ಳಬೇಕು. ಇದೇ ಹುಮ್ಮಸ್ಸಿನಲ್ಲಿ ಪ್ಲಾಸ್ಮಾಕ್ಕೂ ಹೋದೆ. ಅಲ್ಲಿ ಮೈಆರ್-16 ನಡೆಯುವುದಿಲ್ಲ. ಕೆಂಪು ರಕ್ತಕಣದಲ್ಲಿ ಅದು ತುಂಬಿಕೊಂಡಿದೆ, ಕಣ ಒಡೆದು ಟ್ಯೂಬ್ ಸ್ವಲ್ಪ ಗುಲಾಬಿಯಾದರೂ ಲೆಕ್ಕ ಕೆಟ್ಟಿತು. ಅರ್ಧಕ್ಕರ್ಧ ಟ್ಯೂಬ್ ಎಸೆದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಬ್ಲಾಕ್‌ನಿಂದ ಕತ್ತರಿಸಿದ ತೆಳು ಪದರವನ್ನು (ಸೆಕ್ಷನ್) ಇಡಿಯಾಗಿ ಕೆರೆಯಬೇಡಿ. ಮೈಆರ್-21 ಟ್ಯೂಮರ್ ಕೋಶದಲ್ಲಷ್ಟೇ ಅಲ್ಲ, ಸುತ್ತಲಿನ ನಾರು ತಯಾರಿಸುವ ಫೈಬ್ರೋಬ್ಲಾಸ್ಟ್ ಕೋಶಗಳಲ್ಲೂ ಇರುತ್ತದೆ. ಪೆಥಾಲಜಿಸ್ಟ್ ಬಣ್ಣ ಹಾಕಿದ (ಎಚ್ ಅಂಡ್ ಇ) ಸ್ಲೈಡ್ ಮೇಲೆ ಟ್ಯೂಮರ್ ಇರುವ ಜಾಗಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿಕೊಟ್ಟರು, ನಾನು ಪಕ್ಕದ ಸೆಕ್ಷನ್‌ನಲ್ಲಿ ಅಷ್ಟೇ ಜಾಗವನ್ನು ಬ್ಲೇಡಿನಿಂದ ಕೆರೆದೆ. ಕೋಶಗಳು ಒಟ್ಟಾಗಿರುವ ಇಂಟೆಸ್ಟೈನಲ್ ಟೈಪ್ ಜಠರ ಕ್ಯಾನ್ಸರ್‌ಗೆ ಇದು ಸಾಕು. ಡಿಫ್ಯೂಸ್ ಟೈಪ್‌ನಲ್ಲಿ ಉಂಗುರದಂತೆ ಕಾಣುವ ಸಿಗ್ನೆಟ್ ರಿಂಗ್ ಕ್ಯಾನ್ಸರ್ ಕೋಶಗಳು ನಾರಿನ ನಡುವೆ ಚದುರಿರುತ್ತವೆ, ಬ್ಲೇಡ್ ಏನು ಮಾಡೀತು? ಅವನ್ನು ಲೆಕ್ಕದಿಂದ ಬಿಟ್ಟೆ.

ಮೈಆರ್ ಏರಿದರೆ ಸಾಕಾ, ಕೆಲಸ ಏನು ಮಾಡುತ್ತೆ ಅಂತ ಕೇಳೇ ಕೇಳುತ್ತಾರೆ ಅಲ್ವಾ. ಲ್ಯಾಬ್‌ನಲ್ಲಿ ಬೆಳೆಸುವ ಜಠರ ಕ್ಯಾನ್ಸರ್ ಕೋಶಗಳಿಗೆ (ಎಜಿಎಸ್) ಮೈಆರ್-21 ತಡೆಯುವ ಇನ್‌ಹಿಬಿಟರ್ ಕೊಟ್ಟೆ. ಮೈಆರ್-21 ಅದುಮಿಡುವ, ಟ್ಯೂಮರ್ ತಡೆಯುವ ಜೀನ್ ಪಿಡಿಸಿಡಿ4. ಅದರ ಎಂಆರ್‌ಎನ್‌ಎ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪ್ರೋಟೀನ್ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಬ್ಯಾಂಡ್ ಮಾತ್ರ ಎರಡು ಪಟ್ಟು ದಪ್ಪ. ಬರೀ ಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್ ನೋಡಿ ಬಿಟ್ಟಿದ್ದರೆ ಏನೂ ಇಲ್ಲ ಅಂತ ಬರೆದುಬಿಡುತ್ತಿದ್ದೆ. ಬೆಳಕು ಕೊಡುವ ಲೂಸಿಫರೇಸ್ ಪರೀಕ್ಷೆಯಲ್ಲಿ, ಪಿಡಿಸಿಡಿ4 ಎಂಆರ್‌ಎನ್‌ಎ ತುದಿಯಲ್ಲಿ (3 ಪ್ರೈಮ್ ಯುಟಿಆರ್) ಮೈಆರ್-21 ಅಂಟುವ ಸೀಡ್ ಜಾಗ ಕೆಡಿಸಿದೆ. ಆಗ ಮೈಆರ್-21 ಮಿಮಿಕ್ (ಅದರ ಕೃತಕ ಪ್ರತಿ) ಹಾಕಿದರೂ ಸಿಗ್ನಲ್ ಇಳಿಯಲಿಲ್ಲ, ಅಂದರೆ ಅದು ಅಂಟುವುದು ಆ ಜಾಗಕ್ಕೇ. ದುಡ್ಡು ದಂಡ ಅಂದವರೇ ಈಗ ಪ್ರೈಮರ್ ಸೀಕ್ವೆನ್ಸ್ ಕೇಳುತ್ತಿದ್ದಾರೆ.