ಪಾಕೀಟಿನ ಹಿಟ್ಟು, ಡಬ್ಬಿಯ ಪೀಚ್: ಕೊಪ್ಪಳದ ಮನೆಯಲ್ಲಿ ನಾನು ಮಾಡುವ ಕಾಬ್ಲರ್

ಪೀಚ್ ಕಾಬ್ಲರ್ ಎಂಬ ಅಮೆರಿಕದ ಸಿಹಿ ತಿನಿಸನ್ನು ಕೊಪ್ಪಳದ ನಮ್ಮ ಮನೆಯಲ್ಲಿ ನಾನು ಕೆಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಕೇಕ್ ಮಾಡುವಾಗ ಅದು ನಡುವೆ ಕುಸಿದೀತೇ, ಅಚ್ಚಿಗೆ ಅಂಟಿಕೊಂಡೀತೇ, ಕೊಯ್ಯುವಾಗ ಪುಡಿಯಾದೀತೇ ಎಂದು ಕಾಡುವ ಅಂಜಿಕೆಗಳು ಇದರಲ್ಲಿ ಇಲ್ಲ, ಏಕೆಂದರೆ ಇದನ್ನು ಬೇಯಿಸಿದ ಪಾತ್ರೆಯಿಂದಲೇ ದೊಡ್ಡ ಚಮಚದಲ್ಲಿ ತೆಗೆದು ಬಟ್ಟಲಿಗೆ ಬಡಿಸುತ್ತಾರೆ. ಮೊಟ್ಟೆ ಬೇಕಿಲ್ಲ, ಬೀಟರ್ ಬೇಕಿಲ್ಲ, ಲಟ್ಟಿಸುವ ಕೆಲಸವೂ ಇಲ್ಲ. ಸಿದ್ಧ ಹಿಟ್ಟಿನ ಪಾಕೀಟು ತಂದರೆ ಅಳತೆಯ ಅರ್ಧ ಕೆಲಸ ಅಂಗಡಿಯಲ್ಲಿಯೇ ಮುಗಿದಿರುತ್ತದೆ. ಆದರೂ ಇದನ್ನು ಕೆಡಿಸುವ ದಾರಿಗಳು ಎರಡಿವೆ: ಪಾಕೀಟಿನೊಳಗೆ ಏನಿದೆ ಎಂದು ಓದದೆ ಸಕ್ಕರೆ ಸುರಿಯುವುದು ಮತ್ತು ಪಾತ್ರೆಗೆ ಹಾಕಿದ ಮೇಲೆ ಕೈ ಸುಮ್ಮನಿರದೆ ತಿರುವುವುದು.

ಕಾಬ್ಲರ್ ಹುಟ್ಟಿದ್ದು ಅಮೆರಿಕದಲ್ಲಿ ನೆಲೆಸಿದ ಬ್ರಿಟಿಷ್ ವಲಸಿಗರ ಅಡುಗೆಯಲ್ಲಿ. ತಮ್ಮ ದೇಶದ ಪುಡಿಂಗಿಗೆ ಬೇಕಾದ ಸಾಮಗ್ರಿಯೂ ಸಲಕರಣೆಯೂ ಅಲ್ಲಿ ಸಿಗದಿದ್ದಾಗ, ಸಿಕ್ಕ ಹಣ್ಣನ್ನು ಪಾತ್ರೆಗೆ ಹಾಕಿ, ಮೇಲೆ ಹಿಟ್ಟಿನ ಮುದ್ದೆಗಳನ್ನು ಇಟ್ಟು, ಬೆಂಕಿಯ ಮೇಲೆ ಬೇಯಿಸಿಕೊಂಡರು. ಪೀಚ್ ಹೇರಳವಾಗಿ ಬೆಳೆಯುವ ಜಾರ್ಜಿಯಾ ಮುಂತಾದ ದಕ್ಷಿಣದ ರಾಜ್ಯಗಳಲ್ಲಿ ಪೀಚ್ ಕಾಬ್ಲರ್ ಮನೆಮಾತಾಯಿತು. ಪಾಕೀಟಿನ ಹಿಟ್ಟು ಬಂದದ್ದು ಬಹಳ ತಡವಾಗಿ. 1930ರಲ್ಲಿ ಜನರಲ್ ಮಿಲ್ಸ್ ಕಂಪನಿಯ ಕಾರ್ಲ್ ಸ್ಮಿತ್ ಎಂಬ ಮಾರಾಟಾಧಿಕಾರಿ ರೈಲಿನ ಊಟದ ಬೋಗಿಯಲ್ಲಿ ಹೊತ್ತು ಮೀರಿ ಕುಳಿತರೂ ಬಿಸಿಬಿಸಿ ಬಿಸ್ಕಿಟ್ (ಅಲ್ಲಿ ಅದು ಮೆತ್ತನೆಯ ಸಣ್ಣ ಬನ್ನಿನಂಥ ತಿನಿಸು) ಕ್ಷಣದಲ್ಲಿ ಬಂದುದನ್ನು ಕಂಡು ವಿಚಾರಿಸಿದಾಗ, ಅಡುಗೆಯವನು ಹಿಟ್ಟು, ಕೊಬ್ಬು, ಬೇಕಿಂಗ್ ಪೌಡರ್, ಉಪ್ಪುಗಳನ್ನು ಮೊದಲೇ ಬೆರೆಸಿ ತಣ್ಣಗೆ ಇಟ್ಟುಕೊಂಡಿದ್ದನೆಂದು ತಿಳಿಯಿತು. ಮರುವರ್ಷ, 1931ರಲ್ಲಿ, ಅದೇ ಉಪಾಯ ಬಿಸ್ಕ್ವಿಕ್ ಎಂಬ ಹೆಸರಿನಲ್ಲಿ ಪೆಟ್ಟಿಗೆಯಾಗಿ ಮಾರುಕಟ್ಟೆಗೆ ಬಂತು. ಅಮೆರಿಕದ ಸುಲಭ ಕಾಬ್ಲರ್ ವಿಧಾನಗಳಲ್ಲಿ "ಒಂದು ಕಪ್ ಸಿದ್ಧ ಹಿಟ್ಟು" ಎಂದು ಬರೆದಿದ್ದರೆ ಬಹುಪಾಲು ಇಂಥ ಹಿಟ್ಟೇ ಅವರ ಮನಸ್ಸಿನಲ್ಲಿರುತ್ತದೆ. ಅದರಲ್ಲಿ ಸಿಹಿ ಬಹಳ ಕಡಿಮೆ, ಕೊಬ್ಬು ಮಾತ್ರ ಬೆರೆತಿರುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ನಮ್ಮ ಊರಿನ ಅಂಗಡಿಗಳಲ್ಲಿ ಆ ಪೆಟ್ಟಿಗೆ ಸಿಗುವುದಿಲ್ಲ. ಸಿಗುವವು ಎರಡು ಬಗೆ: ಪ್ಯಾನ್‌ಕೇಕ್ ಹಿಟ್ಟು ಮತ್ತು ಮೊಟ್ಟೆಯಿಲ್ಲದ ಕೇಕ್ ಹಿಟ್ಟು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಪಾಕೀಟಿನ ಹಿಂಬದಿಯಲ್ಲಿ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಯಾವುದು ಹೆಚ್ಚಿದೆಯೋ ಅದು ಮೊದಲು. ಕೇಕ್ ಹಿಟ್ಟಿನಲ್ಲಿ ಸಕ್ಕರೆ ಮೈದಾಕ್ಕೆ ಸರಿಸಮವಾಗಿ ಮೊದಲ ಎರಡು ಹೆಸರುಗಳಲ್ಲಿ ಬಂದುಬಿಡುತ್ತದೆ. ಪ್ಯಾನ್‌ಕೇಕ್ ಹಿಟ್ಟಿನಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ, ಆದರೂ ಪೋಷಕಾಂಶದ ಪಟ್ಟಿಯಲ್ಲಿ 100 ಗ್ರಾಂಗೆ ಒಟ್ಟು ಸಕ್ಕರೆ ಎಷ್ಟು ಎಂಬ ಸಾಲನ್ನು ನೋಡಿಯೇ ನಾನು ಕೊಳ್ಳುತ್ತೇನೆ. ಮನೆಯಲ್ಲಿ ವ್ರತ, ಪೂಜೆ ಇದ್ದಾಗ ಹಸಿರು ಚುಕ್ಕೆಯನ್ನೂ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ಹಿಟ್ಟುಗಳಲ್ಲಿ ಮೊಟ್ಟೆಯ ಪುಡಿ ಇರುತ್ತದೆ.

ನನ್ನ ಆಯ್ಕೆ ಪ್ಯಾನ್‌ಕೇಕ್ ಹಿಟ್ಟು. ಅದೂ ಸಿಗದಿದ್ದರೆ ಒಂದು ಕಪ್ ಮೈದಾಕ್ಕೆ ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರ್, ಕಾಲು ಚಮಚಕ್ಕಿಂತ ತುಸು ಹೆಚ್ಚು ಉಪ್ಪು ಸೇರಿಸಿ ಜರಡಿ ಹಿಡಿದು, ಒಂದು ದೊಡ್ಡ ಚಮಚ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಿಂದ ಉಜ್ಜಿ ಸೇರಿಸಿದರೆ ಪಾಕೀಟಿನ ಕೆಲಸವೇ ಆಗುತ್ತದೆ. ಬೆಣ್ಣೆ ಬೆರೆಸಿದ ಮೇಲೆ ಅದನ್ನು ಫ್ರಿಜ್ಜಿನಲ್ಲಿಯೇ ಇಡಬೇಕು. ಕೊಪ್ಪಳದ ಏಪ್ರಿಲ್ ತಿಂಗಳಲ್ಲಿ ಹೊರಗಿಟ್ಟ ಬೆಣ್ಣೆ ಹಿಟ್ಟಿನೊಳಗೇ ಕರಗಿ ಮುದ್ದೆಯಾಗುತ್ತದೆ.

ಇನ್ನು ಹಣ್ಣಿನ ವಿಚಾರ. ಪೀಚ್ ಚಳಿ ಬೇಡುವ ಮರ; ನಮ್ಮ ದೇಶದಲ್ಲಿ ಹಿಮಾಚಲ, ಉತ್ತರಾಖಂಡದ ಗುಡ್ಡಗಳಲ್ಲಿ ಹೆಚ್ಚು ಬೆಳೆಯುತ್ತದೆ ಮತ್ತು ಬೇಸಿಗೆಯ ಕೊನೆಯಿಂದ ಮಳೆಗಾಲದ ಆರಂಭದವರೆಗೆ ಮಾತ್ರ ದೊಡ್ಡ ಊರುಗಳ ಹಣ್ಣಿನಂಗಡಿಗಳಿಗೆ ಬರುತ್ತದೆ. ಹುಬ್ಬಳ್ಳಿಯಿಂದ ಬರುವವರು ಯಾರಾದರೂ ತಂದುಕೊಟ್ಟರೆ, ಹಣ್ಣಿನ ತಳದಲ್ಲಿ ಕೂಡುಗೆರೆಯಂತೆ ಚಾಕುವಿನಿಂದ ಸಣ್ಣಗೆ ಗೀರಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕುತ್ತೇನೆ. ಸಿಪ್ಪೆ ತಾನಾಗಿ ಜಾರುತ್ತದೆ. ಉಳಿದ ಕಾಲದಲ್ಲೆಲ್ಲ ಡಬ್ಬಿಯ ಹಣ್ಣೇ ಗತಿ, ಮತ್ತು ಕಾಬ್ಲರ್‌ಗೆ ಅದು ಕೀಳೆಂದು ನನಗೆ ಅನ್ನಿಸಿಲ್ಲ. ಡಬ್ಬಿಗೆ ತುಂಬುವುದು ಹೆಚ್ಚಾಗಿ ಬೀಜಕ್ಕೆ ತಿರುಳು ಬಿಗಿಯಾಗಿ ಅಂಟಿರುವ ಹಳದಿ ಜಾತಿಯ ಹಣ್ಣು. ಅದರ ತಿರುಳು ಬೇಯಿಸಿದರೂ ಕರಗಿ ಹೋಗದೆ ಹೋಳಾಗಿಯೇ ಉಳಿಯುತ್ತದೆ. ಒಂದೇ ತೊಂದರೆಯೆಂದರೆ ಬೆಲೆ. ಉಳಿದೆಲ್ಲ ಸಾಮಾನಿನ ಬೆಲೆ ಕೂಡಿಸಿದರೂ ಡಬ್ಬಿಯ ಬೆಲೆಯೇ ಹೆಚ್ಚಾಗುತ್ತದೆ.

ಸುಮಾರು 820ರಿಂದ 850 ಗ್ರಾಂ ತೂಕದ ಡಬ್ಬಿಯಲ್ಲಿ ಹಣ್ಣು ಅರ್ಧಕ್ಕಿಂತ ತುಸು ಹೆಚ್ಚು, ಉಳಿದದ್ದು ಸಕ್ಕರೆ ಪಾಕ. ಹಣ್ಣನ್ನು ಜರಡಿಗೆ ಸುರಿದು ಪಾಕ ಇಳಿಯಲು ಬಿಡಬೇಕು, ಆದರೆ ಪಾಕವನ್ನು ಚೆಲ್ಲಬಾರದು. ಅರ್ಧ ಹೋಳುಗಳಿದ್ದರೆ ಒಂದೊಂದನ್ನು ಮೂರು ನಾಲ್ಕು ಸೀಳಾಗಿ ಕೊಯ್ದುಕೊಳ್ಳುತ್ತೇನೆ. ಅದಕ್ಕೆ ಅರ್ಧ ಲಿಂಬೆಹಣ್ಣಿನ ರಸ, ಎರಡು ಚಿಟಿಕೆ ದಾಲ್ಚಿನ್ನಿ ಪುಡಿ, ತುರಿದ ಜಾಜಿಕಾಯಿ ಒಂದು ಚಿಟಿಕೆ, ನಾಲ್ಕು ದೊಡ್ಡ ಚಮಚ ಪಾಕ. ಲಿಂಬೆರಸವನ್ನು ಬಿಡಬಾರದು, ಡಬ್ಬಿಯ ಪೀಚಿನಲ್ಲಿ ಸಿಹಿಯೇ ಮುಂದಾಗಿ ಹುಳಿ ಹಿಂದೆ ಸರಿದಿರುತ್ತದೆ. ಯಾಲಕ್ಕಿ ಹಾಕುವ ಆಸೆ ನಮ್ಮವರಿಗೆ ಬಂದೇ ಬರುತ್ತದೆ, ಆದರೆ ಯಾಲಕ್ಕಿ ಬಿದ್ದ ಮೇಲೆ ಅದು ಪೀಚಿನ ಶಿರಾ ಆಗುತ್ತದೆ. ಶಿರಾ ಬೇಕಾದರೆ ರವೆಯಿಂದಲೇ ಮಾಡುವುದು ಮೇಲು.

ನನ್ನ ಅಳತೆ ಹೀಗಿದೆ: ಒಂದು ಕಪ್ ಪ್ಯಾನ್‌ಕೇಕ್ ಹಿಟ್ಟು, ಒಂದು ಕಪ್ ಹಾಲು, ಅರ್ಧ ಕಪ್‌ಗಿಂತ ತುಸು ಕಡಿಮೆ ಸಕ್ಕರೆ, 80 ಗ್ರಾಂ ಬೆಣ್ಣೆ. ಅಮೆರಿಕದ ವಿಧಾನಗಳಲ್ಲಿ ಒಂದು ಕಪ್ ಹಿಟ್ಟಿಗೆ ಒಂದು ಕಪ್ ಸಕ್ಕರೆ, ಅರ್ಧ ಕಪ್ ಬೆಣ್ಣೆ ಎಂದಿರುತ್ತದೆ. ಡಬ್ಬಿಯ ಹಣ್ಣು ಪಾಕದಲ್ಲಿ ನೆನೆದಿರುವಾಗ ಅಷ್ಟು ಸಕ್ಕರೆಗೆ ಕಾರಣವೇ ಇಲ್ಲ. ಹಾಲು ನಂದಿನಿಯ ನೀಲಿ ಪಾಕೀಟಿನದು ಸಾಕು. ಅದನ್ನು ಕಾಸಿ, ಆರಿಸಿ, ಕೆನೆ ತೆಗೆದು ಅಳೆಯಬೇಕು. ಕೆನೆ ಹಿಟ್ಟಿನಲ್ಲಿ ಗಂಟಾಗುತ್ತದೆ. ಬೆಣ್ಣೆ ಉಪ್ಪಿಲ್ಲದ್ದಾಗಿರಲಿ. ಉಪ್ಪಿನ ಬೆಣ್ಣೆಯೇ ಮನೆಯಲ್ಲಿದ್ದರೆ ಹಿಟ್ಟಿಗೆ ಬೇರೆ ಉಪ್ಪು ಹಾಕುವುದು ಬೇಡ.

ಓಟಿಜಿಯನ್ನು, ಅಂದರೆ ಕಟ್ಟೆಯ ಮೇಲಿಡುವ ಸಣ್ಣ ಕರೆಂಟಿನ ಓವನ್ನನ್ನು, 190 ಡಿಗ್ರಿ ಸೆಲ್ಸಿಯಸ್‌ಗೆ ಇಡುತ್ತೇನೆ. ಅಮೆರಿಕದವರು 375 ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆಯುವುದು ಇದನ್ನೇ. ಇದಕ್ಕೆ 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಆಗಬೇಕು, ಮಿಕ್ಸಿಯ ಸಾಕೆಟ್ಟಿಗೆ ಸಿಕ್ಕಿಸಬಾರದು. ಓವನ್ ಕಾಯುತ್ತಿರುವಾಗಲೇ ಇಪ್ಪತ್ತು ಸೆಂಟಿಮೀಟರ್ ಚೌಕದ, ಓವನ್ನಿಗೆ ಇಡಬಹುದಾದ ಗಾಜಿನ ಪಾತ್ರೆಯಲ್ಲಿ ಬೆಣ್ಣೆಯನ್ನಿಟ್ಟು ಒಳಗೆ ಸೇರಿಸಿದರೆ ಅದು ಕರಗುತ್ತದೆ. ಕರಗಿದ ಕೂಡಲೇ ಹೊರಗೆ ತೆಗೆಯಬೇಕು, ಕಂದಾಗಲು ಬಿಡಬಾರದು. ಪಾತ್ರೆ ಬಿಸಿಯಾಗಿರುವುದರಿಂದ ಅದನ್ನು ಒದ್ದೆಯ ಕಟ್ಟೆಯ ಮೇಲೆ ಇಡದೆ ಒಣ ಬಟ್ಟೆಯ ಮೇಲೆ ಇಡಬೇಕು. ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಸೀಳುತ್ತದೆ.

ಇಷ್ಟಾದ ಮೇಲೆಯೇ ಹಿಟ್ಟು ಕಲಸುವುದು, ಮೊದಲೇ ಕಲಸಿ ಇಡುವಂತಿಲ್ಲ. ಬೇಕಿಂಗ್ ಪೌಡರ್ ಹಾಲು ತಾಗಿದೊಡನೆ ಒಂದಷ್ಟು ಗಾಳಿಯನ್ನು ಬಿಟ್ಟುಬಿಡುತ್ತದೆ, ಉಳಿದದ್ದನ್ನು ಕಾವಿನಲ್ಲಿ ಬಿಡುತ್ತದೆ. ಕಲಸಿದ ಹಿಟ್ಟು ಕಾಯುತ್ತ ಕುಳಿತರೆ ಮೊದಲ ಪಾಲು ವ್ಯರ್ಥವಾಗುತ್ತದೆ. ಹಿಟ್ಟಿಗೆ ಸಕ್ಕರೆ ಬೆರೆಸಿ, ಹಾಲು ಹೊಯ್ದು, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಬೇಕು. ಸಣ್ಣ ಗಂಟುಗಳು ಉಳಿದರೆ ಉಳಿಯಲಿ. ಅವನ್ನು ಒಡೆಯಲು ಹೊರಟರೆ ಮೈದಾದ ಅಂಟು ಬಲಿತು ಮೇಲ್ಪದರ ಜಗಿಯುವಂತಾಗುತ್ತದೆ. ಹದ ಸೆಟ್ ದೋಸೆಯ ಹಿಟ್ಟಿನಂತಿದ್ದರೆ ಸರಿ. ಪಾಕೀಟುಗಳು ನೀರು ಹೀರುವುದರಲ್ಲಿ ಒಂದರಂತೆ ಒಂದಿಲ್ಲವಾದ್ದರಿಂದ ಹಾಲಿನ ಕೊನೆಯ ಕಾಲು ಭಾಗವನ್ನು ನೋಡಿಕೊಂಡು ಹೊಯ್ಯುತ್ತೇನೆ.

ಈಗ ಕಲಸಿದ ಹಿಟ್ಟನ್ನು ಕರಗಿದ ಬೆಣ್ಣೆಯ ಮೇಲೆ ನಿಧಾನವಾಗಿ ಸುರಿಯಬೇಕು. ಬೆಣ್ಣೆ ಅಂಚುಗಳಿಗೆ ಸರಿದು ಹಿಟ್ಟಿನ ಮೇಲೂ ಅಲ್ಲಲ್ಲಿ ಬಂದು ನಿಲ್ಲುತ್ತದೆ. ನೋಡಿದವರಿಗೆ ಇದು ಕೆಟ್ಟುಹೋದಂತೆಯೇ ಕಾಣುತ್ತದೆ. ಅದರ ಮೇಲೆ ಪೀಚ್ ಹೋಳುಗಳನ್ನು ಚಮಚದಿಂದ ಹರಡಿ, ಮಿಕ್ಕ ರಸವನ್ನು ಹನಿಸಿ, ಅಲ್ಲಿಗೆ ಕೈ ತೆಗೆಯಬೇಕು. ನಮ್ಮ ಅತ್ತೆಯವರಿಗೆ ಈ ಹಂತ ಇಂದಿಗೂ ಒಪ್ಪಿಗೆಯಾಗಿಲ್ಲ. "ಒಮ್ಮೆರ ತಿರುವವಾ, ಹಿಟ್ಟು ಒಂದ್ಕಡಿ ಬೆಣ್ಣಿ ಒಂದ್ಕಡಿ ಆಗೇತಿ, ತಳಾ ಹಿಡಿತೈತಿ" ಎನ್ನುತ್ತಾರೆ. ಒಲೆಯ ಮೇಲಿನ ಅಡುಗೆಗೆಲ್ಲ ಅವರ ಮಾತು ಸತ್ಯ. ಇಲ್ಲಿ ಮಾತ್ರ ತಿರುವದಿರುವುದರಿಂದಲೇ ತಿನಿಸು ಆಗುತ್ತದೆ: ಕೆಳಗಿನ ಬೆಣ್ಣೆ ಹಿಟ್ಟಿನ ತಳವನ್ನೂ ಅಂಚನ್ನೂ ಕರಿದಂತೆ ಗರಿಗರಿ ಮಾಡುತ್ತದೆ, ತೂಕದ ಹಣ್ಣು ಕೆಳಗಿಳಿಯುತ್ತದೆ, ಗಾಳಿ ತುಂಬಿದ ಹಿಟ್ಟು ಹಣ್ಣಿನ ಸಂದುಗಳಲ್ಲಿ ಮೇಲೇರಿ ಮುಚ್ಚಿಕೊಳ್ಳುತ್ತದೆ. ತಿರುವಿದರೆ ಬೆಣ್ಣೆ ಹಿಟ್ಟಿನಲ್ಲಿ ಅಡಗಿ, ಹಣ್ಣಿನ ನೀರು ಹಿಟ್ಟಿಗೆ ಸೇರಿ, ಒಂದೇ ಹದದ ಒದ್ದೆ ಕೇಕ್ ಆಗುತ್ತದೆ. ಮೇಲೆ ಒಂದು ಚಮಚ ಸಕ್ಕರೆ ಉದುರಿಸುವುದು ನಾದಿನಿಯ ಸೇರ್ಪಡೆ. "ವೈನಿ, ಮ್ಯಾಲ ಚೂರು ಸಕ್ರಿ ಹಾಕ್ರಿ, ಕುರುಂ ಅಂತೈತಿ" ಎಂದು ಆಕೆ ಹೇಳಿದ್ದು ಸರಿಯಾಗಿಯೇ ಇದೆ. ಆ ಸಕ್ಕರೆ ಕರಗಿ ತೆಳುವಾದ ಹೊಳಪಿನ ಪದರ ಕಟ್ಟುತ್ತದೆ.

ನಡು ಅಂತಸ್ತಿನಲ್ಲಿ, ಮೇಲಿನ ಕೆಳಗಿನ ಎರಡೂ ಸರಳುಗಳನ್ನು ಹೊತ್ತಿಸಿ, 45ರಿಂದ 50 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆರೆಯಬಾರದು. ಸಣ್ಣ ಓಟಿಜಿಗಳಲ್ಲಿ ಮೇಲಿನ ಸರಳು ಹತ್ತಿರವಿರುವುದರಿಂದ ಮೇಲ್ಭಾಗ ಬೇಗ ಕಂದುತ್ತದೆ. ಆಗ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿದರಾಯಿತು. ಬಣ್ಣವೊಂದನ್ನೇ ನಂಬಿ ಹೊರತೆಗೆಯುವಂತಿಲ್ಲ. ಅಂಚಿನಲ್ಲಿ ರಸ ದಪ್ಪನಾಗಿ ಗುಳ್ಳೆಯೇಳುತ್ತಿರಬೇಕು, ನಡುವಿನ ಹಿಟ್ಟಿಗೆ ಚುಚ್ಚಿದ ಕಡ್ಡಿಗೆ ಹಣ್ಣಿನ ರಸ ಅಂಟಬಹುದು, ಬಿಳಿಯ ಹಿಟ್ಟು ಅಂಟಬಾರದು. ನಡುವೆ ಕರೆಂಟ್ ಹೋದರೆ ಗಾಬರಿಯಾಗದೆ ಬಾಗಿಲು ಮುಚ್ಚಿಯೇ ಇಡುತ್ತೇನೆ. ಅರ್ಧ ಬೆಂದ ಮೇಲಾದರೆ ಒಳಗಿನ ಕಾವು ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಕರೆಂಟ್ ಬಂದಾಗ ಉಳಿದದ್ದು ಬೇಯುತ್ತದೆ.

ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಕಡಾಯಿಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಅಲ್ಯೂಮಿನಿಯಂ ಡಬರಿಯಲ್ಲಿ ಇದನ್ನೇ ಬೇಯಿಸಬಹುದು. ಗಾಜಿನ ಪಾತ್ರೆ ಇಲ್ಲಿ ಸಲ್ಲದು. ಸಣ್ಣ ಉರಿಯಲ್ಲಿ ಒಂದು ಗಂಟೆಯ ಹತ್ತಿರ ಬೇಕಾಗುತ್ತದೆ. ತಳ ಚೆನ್ನಾಗಿಯೇ ಬರುತ್ತದೆ, ಮೇಲ್ಭಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮುಚ್ಚಳದ ಬೆವರು ಅದರ ಮೇಲೆ ಬೀಳದಂತೆ ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಅದರ ಅಂಚುಗಳನ್ನು ಉರಿಯಿಂದ ದೂರವಾಗಿ ಮೇಲಕ್ಕೆ ಗಂಟು ಹಾಕಬೇಕು.

ಮನೆಯಲ್ಲಿ ಕೇಕ್ ಹಿಟ್ಟು ಮಾತ್ರ ಇದ್ದಾಗ ದಾರಿ ಬೇರೆ. ಆಗ ಡಬ್ಬಿಯ ಹಣ್ಣನ್ನು ಪಾಕದೊಂದಿಗೆ ಪಾತ್ರೆಯ ತಳಕ್ಕೆ ಹಾಕಿ, ಲಿಂಬೆರಸ ಹಿಂಡಿ, ಕೇಕ್ ಹಿಟ್ಟನ್ನು ಹಾಲು ಸೇರಿಸದೆ ಒಣದಾಗಿಯೇ ಮೇಲೆ ಸಮನಾಗಿ ಉದುರಿಸಿ, ಕರಗಿಸಿದ ಬೆಣ್ಣೆಯನ್ನು ಎಲ್ಲ ಕಡೆಗೆ ಬೀಳುವಂತೆ ಹನಿಸಿ ಬೇಯಿಸುತ್ತೇನೆ. ಹಿಟ್ಟು ಬೇಯಲು ಬೇಕಾದ ನೀರನ್ನು ಪಾಕ ಕೊಡುತ್ತದೆ, ಸಕ್ಕರೆ ಹಿಟ್ಟಿನಲ್ಲಿಯೇ ಇದೆ. ಬೇರೆ ಸಕ್ಕರೆ ಒಂದು ಚಮಚವೂ ಬೇಡ. ಬೆಣ್ಣೆ ತಾಗದ ಜಾಗದಲ್ಲಿ ಹಿಟ್ಟು ಪುಡಿಯಾಗಿ ಉಳಿಯುವುದು ಇದರ ದೋಷ. ಅಮೆರಿಕದಲ್ಲಿ ಇದನ್ನು ಡಂಪ್ ಕೇಕ್ ಎನ್ನುತ್ತಾರೆ, ಮತ್ತು ನನ್ನ ನಾಲಿಗೆಗೆ ಇದು ಸಿಹಿ ಹೆಚ್ಚು. ಮಕ್ಕಳು ಮಾತ್ರ ಇದನ್ನೇ ಕೇಳುತ್ತಾರೆ.

ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಕೇಸರ್ ಮಾವು ಬಂದಾಗ ಪೀಚಿನ ಡಬ್ಬಿ ತರುವುದನ್ನು ನಿಲ್ಲಿಸುತ್ತೇನೆ. ತೋಟಗಾರಿಕೆ ಇಲಾಖೆ ಕೊಪ್ಪಳದಲ್ಲಿ ನಡೆಸುವ ಮಾವು ಮೇಳದಲ್ಲಿ ಒಳ್ಳೆಯ ಹಣ್ಣು ಸಿಗುತ್ತದೆ. ಅಳತೆ, ಕ್ರಮ ಎಲ್ಲ ಅದೇ, ಆದರೆ ಪೂರ್ತಿ ಕಳಿತ ಹಣ್ಣು ಓವನ್ನಿನಲ್ಲಿ ಸೀಕರಣೆಯಾಗುವುದರಿಂದ ಒತ್ತಿದರೆ ಬಿಗಿಯಾಗಿರುವ ಹಣ್ಣನ್ನೇ ಆರಿಸಿ ದಪ್ಪ ಹೋಳು ಮಾಡಬೇಕು, ಮತ್ತು ಪಾಕ ಇಲ್ಲವಾದ್ದರಿಂದ ಕಾಲು ಕಪ್ ನೀರಿಗೆ ಎರಡು ಚಮಚ ಸಕ್ಕರೆ, ಲಿಂಬೆರಸ ಸೇರಿಸಿ ಒಂದು ಕುದಿ ಕುದಿಸಿ ಹೋಳುಗಳಿಗೆ ಬೆರೆಸಬೇಕು.

ಹೊರತೆಗೆದ ಕೂಡಲೇ ಬಡಿಸಿದರೆ ರಸ ನೀರಾಗಿ ಹರಿಯುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಗಟ್ಟಿಯಾಗಿ ಹಿಟ್ಟಿಗೆ ಹತ್ತಿಕೊಳ್ಳುತ್ತದೆ. ಬೆಚ್ಚಗಿರುವಾಗ ವೆನಿಲಾ ಐಸ್‌ಕ್ರೀಮ್ ಜೊತೆಗೆ ಕೊಡುವುದು ಅಲ್ಲಿಯ ಪದ್ಧತಿ, ನಮ್ಮಲ್ಲಿ ಕೆಲವರು ತಣ್ಣನೆಯ ಕೆನೆಹಾಲನ್ನೇ ಸುರಿದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗಿಡುವಂತಿಲ್ಲ. ಆರಿದ ಮೇಲೆ ಫ್ರಿಜ್ಜಿಗೆ ಸೇರಿಸಿ ಎರಡು ದಿನದಲ್ಲಿ ಮುಗಿಸಬೇಕು, ಬಳಸದ ಪೀಚ್ ಉಳಿದಿದ್ದರೆ ತೆರೆದ ಡಬ್ಬಿಯಿಂದ ಸ್ಟೀಲ್ ಅಥವಾ ಗಾಜಿನ ಪಾತ್ರೆಗೆ ಬದಲಿಸಿ ಇಡಬೇಕು. ಮರುದಿನ ಬಿಸಿ ಮಾಡಲು ಮೈಕ್ರೋವೇವ್ ಬಳಸಿದರೆ ಅಂಚಿನ ಗರಿ ಮೆತ್ತಗಾಗುತ್ತದೆ, ಅದಕ್ಕಾಗಿ ಓಟಿಜಿಯಲ್ಲಿಯೇ 150 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಇಡುತ್ತೇನೆ. ಫ್ರಿಜ್ಜಿನ ತಣ್ಣನೆಯ ಗಾಜಿನ ಪಾತ್ರೆಯನ್ನು ಕಾದ ಓವನ್ನಿಗೆ ನೇರವಾಗಿ ಇಡದೆ, ತಿನಿಸನ್ನು ಸಣ್ಣ ಅಲ್ಯೂಮಿನಿಯಂ ತಟ್ಟೆಗೆ ತೆಗೆದುಕೊಂಡು ಬಿಸಿ ಮಾಡುತ್ತೇನೆ.